ಚೀಸಿನ ಹೆಪ್ಪು ಮತ್ತು ‘ಸಸ್ಯಾಹಾರ’ದ ಹಣೆಪಟ್ಟಿ: ಒಂದು ವಿಮರ್ಶೆ

ಗ್ರಂಥವಿಮರ್ಶೆಗೆಂದು ಮೀಸಲಾಗಿರುವ ಈ ಪುಟಗಳಲ್ಲಿ ಈ ತಿಂಗಳು ಒಂದು ಪದವನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ‘ಸಸ್ಯಾಹಾರಿ’ ಎಂಬುದು ಆ ಪದ. ತಿನಿಸಿನ ಪೊಟ್ಟಣಗಳ ಮೇಲೂ ಉಪಾಹಾರಗೃಹಗಳ ತಿಂಡಿಪಟ್ಟಿಗಳಲ್ಲಿಯೂ ಅದು ದಿನವೂ ಅಚ್ಚಾಗುತ್ತಿದೆ. ಅದನ್ನು ಓದಿ, ನಂಬಿ, ಉಣ್ಣುವವರ ಸಂಖ್ಯೆ ಯಾವ ಮಹಾಗ್ರಂಥದ ಓದುಗರ ಸಂಖ್ಯೆಗಿಂತಲೂ ಅಧಿಕವಾದುದು. ಇಷ್ಟು ಜನ ಓದುವ ಬರಹಕ್ಕೆ ವಿಮರ್ಶಕನೊಬ್ಬನೂ ದೊರೆಯದಿರುವುದು ಸೋಜಿಗವೇ ಸರಿ.

ಈ ವಿಚಾರಕ್ಕೆ ಕಾರಣವಾದುದು ಪಿಜ್ಜಾ. ಇಟಲಿಯ ನೇಪಲ್ಸ್ ನಗರದ ಬಡಜನರ ರೊಟ್ಟಿಯಾಗಿದ್ದ ಈ ತಿನಿಸು ಇಂದು ಲೋಕವನ್ನೆಲ್ಲ ವ್ಯಾಪಿಸಿದೆ. 1996ರಲ್ಲಿ ಪಿಜ್ಜಾ ಹಟ್ ಸಂಸ್ಥೆಯು ಭಾರತದಲ್ಲಿ ತನ್ನ ಮೊದಲನೆಯ ಅಂಗಡಿಯನ್ನು ತೆರೆದುದು ನಮ್ಮ ಬೆಂಗಳೂರಿನಲ್ಲಿಯೇ. ಈಗ ಹುಬ್ಬಳ್ಳಿ ದಾವಣಗೆರೆಗಳ ಮಕ್ಕಳಿಗೂ ಅದರ ರುಚಿ ಹತ್ತಿದೆ. ಶ್ರೀಮಠದ ವಿದ್ಯಾರ್ಥಿನಿಲಯದಲ್ಲಿ ಓದಿ, ಈಗ ಅಮೆರಿಕ, ಇಂಗ್ಲೆಂಡ್, ಜರ್ಮನಿ ಮುಂತಾದ ದೇಶಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಿಗಂತೂ ಅದು ನಿತ್ಯದ ಮಾತು. ಕಛೇರಿಯ ಊಟ, ಮಕ್ಕಳ ಹುಟ್ಟುಹಬ್ಬ, ದೂರದ ಪ್ರಯಾಣ ಎಲ್ಲೆಡೆಯೂ ಸಸ್ಯಾಹಾರಿಗೆಂದು ಮುಂದಿಡುವುದು ಪಿಜ್ಜಾವನ್ನೇ. ಅವರಲ್ಲಿ ಹಲವರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: “ಬುದ್ಧಿ, ಮೇಲೆ ಮಾಂಸವಿಲ್ಲದ ಪಿಜ್ಜಾವನ್ನು ನಿಶ್ಚಿಂತೆಯಿಂದ ತಿನ್ನಬಹುದೆ? ಅದರ ಚೀಸಿನಲ್ಲಿ ಎಳಗರುವಿನ ಜಠರದ ರಸವಿರುತ್ತದೆಂದು ಹೇಳುತ್ತಾರಲ್ಲ?” ಇದಕ್ಕೆ ಪ್ರಾಮಾಣಿಕವಾದ ಉತ್ತರವೆಂದರೆ, ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು ಎಂಬುದೇ. ಇದೆಯೋ ಇಲ್ಲವೋ ಎಂದು ತಿಳಿಸಬೇಕಾದ ಬರಹವು ಬಹುತೇಕ ಕಡೆಗಳಲ್ಲಿ ಆ ಒಂದು ಮಾತಿನ ವಿಷಯದಲ್ಲಿ ಮಾತ್ರ ಮೌನವಾಗಿದೆ. ಆ ಮೌನವೇ ನಮ್ಮ ವಿಮರ್ಶೆಯ ವಸ್ತು.

ಮೊದಲು ಪದಾರ್ಥದ ಸ್ವರೂಪವನ್ನು ತಿಳಿಯೋಣ. ಹಾಲನ್ನು ಗಟ್ಟಿಯಾಗಿಸುವ ಕ್ರಮಗಳು ನಮ್ಮ ಮನೆಗಳಿಗೆ ಹೊಸವಲ್ಲ. ಹೆಪ್ಪು ಹಾಕಿದರೆ ಮೊಸರು. ಕಾಯ್ದ ಹಾಲಿಗೆ ನಿಂಬೆಯ ಹುಳಿ ಹಿಂಡಿದರೆ ಪನೀರ್. ಈದ ಹಸುವಿನ ಮೊದಲ ದಿನಗಳ ಹಾಲಿಗೆ ಬೆಲ್ಲ ಏಲಕ್ಕಿ ಕೂಡಿಸಿ ಹಬೆಯಲ್ಲಿ ಬೇಯಿಸಿದರೆ ಗಿಣ್ಣು. ಈ ಮೂರರಲ್ಲಿ ಯಾವುದಕ್ಕೂ ಪ್ರಾಣಿಯ ಅಂಗಾಂಗದ ಸಹಾಯ ಬೇಕಿಲ್ಲ. ಇಂಗ್ಲಿಷ್-ಕನ್ನಡ ನಿಘಂಟುಗಳಲ್ಲಿ ಚೀಸ್ ಎಂಬುದಕ್ಕೆ ‘ಗಿಣ್ಣು’ ಎಂಬ ಅರ್ಥವನ್ನು ಕೊಡುವ ರೂಢಿ ಬಂದಿದೆ. ಭಾಷಾಂತರದ ಅನುಕೂಲಕ್ಕೆ ಅದು ಸರಿಯಿರಬಹುದು. ಆದರೆ ತತ್ತ್ವತಃ ಅದು ದೊಡ್ಡ ಪ್ರಮಾದ. ಗಿಣ್ಣೆಂದು ಓದಿದ ಹಳ್ಳಿಯ ಭಕ್ತನು ತನ್ನ ಮನೆಯ ಪಾತ್ರೆಯನ್ನೇ ನೆನೆದು ನಿಶ್ಚಿಂತನಾಗುತ್ತಾನೆ. ಗಿಣ್ಣು ತನ್ನೊಳಗಿನ ಸಾರದಿಂದಲೇ ಶಾಖಕ್ಕೆ ಗಟ್ಟಿಯಾಗುವಂಥದು. ಚೀಸಿಗೆ ಹೊರಗಿನಿಂದ ಬೇರೊಂದು ಹೆಪ್ಪು ಬೇಕು. ಆ ಹೆಪ್ಪಿನ ಹೆಸರು ರೆನೆಟ್.

ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ಅತಿ ಸೂಕ್ಷ್ಮವಾದ ಕಣಗಳಾಗಿ ತೇಲುತ್ತಿರುತ್ತದೆ. ಈ ಕಣಗಳ ಹೊರಮೈಯಲ್ಲಿ ಕಪ್ಪಾ-ಕೇಸೀನ್ ಎಂಬ ಭಾಗವು ರೋಮಗಳಂತೆ ಹರಡಿ, ಕಣಕ್ಕೆ ಕಣ ಅಂಟದಂತೆ ಕಾಪಾಡುತ್ತದೆ. ರೆನೆಟ್ಟಿನಲ್ಲಿರುವ ಮುಖ್ಯ ಕಿಣ್ವವಾದ ಕೈಮೋಸಿನ್ ಆ ರೋಮಗಳನ್ನು ಗೊತ್ತಾದ ಒಂದೇ ಸ್ಥಾನದಲ್ಲಿ ಕತ್ತರಿಸಿ ಹಾಕುತ್ತದೆ. ರಕ್ಷಣೆ ಕಳೆದುಕೊಂಡ ಕಣಗಳು ಒಂದಕ್ಕೊಂದು ಕೂಡಿ, ಕೊಬ್ಬನ್ನು ತಮ್ಮೊಳಗೆ ಹಿಡಿದುಕೊಂಡು ಗಟ್ಟಿಯಾಗುತ್ತವೆ; ನೀರು ಬೇರ್ಪಡುತ್ತದೆ. ಹುಳಿಯಿಂದ ಒಡೆದ ಹಾಲಿಗೆ ಈ ಗುಣವಿಲ್ಲ. ಪನೀರನ್ನು ಬೆಂಕಿಗೆ ಹಿಡಿದರೆ ಅದು ಕರಗುವುದಿಲ್ಲ, ಕೆಂಪಗಾಗುತ್ತದೆ. ಮೊಜ್ಜರೆಲ್ಲಾ ಎಂಬ ಚೀಸಾದರೋ ಕರಗಿ ಎಳೆಎಳೆಯಾಗಿ ಹರಿಯುತ್ತದೆ. ಮಕ್ಕಳು ಪಿಜ್ಜಾದಲ್ಲಿ ಮೆಚ್ಚುವ ಆ ಎಳೆಯು ಬಹುಮಟ್ಟಿಗೆ ಈ ಹೆಪ್ಪಿನ ಫಲವೇ.

ಈ ಕಿಣ್ವ ಹಾಲು ಕುಡಿಯುವ ಎಳಗರುವಿನ ಜಠರದ ನಾಲ್ಕನೆಯ ಕೋಣೆಯಲ್ಲಿ ಹುಟ್ಟುತ್ತದೆ. ಕುಡಿದ ಹಾಲು ಬೇಗನೆ ಜಾರಿಹೋಗದೆ ಹೊಟ್ಟೆಯಲ್ಲಿ ನಿಂತು ಜೀರ್ಣವಾಗಲೆಂದು ಸೃಷ್ಟಿಯು ಮಾಡಿದ ಏರ್ಪಾಡು ಇದು. ಕರು ಹುಲ್ಲು ಮೇಯಲು ತೊಡಗಿದಂತೆ ಕೈಮೋಸಿನ್ ಕಡಿಮೆಯಾಗಿ ಪೆಪ್ಸಿನ್ ಹೆಚ್ಚುತ್ತದೆ. ಆದ ಕಾರಣ ಚೀಸು ಮಾಡುವವರಿಗೆ ಬೇಕಾದುದು ಇನ್ನೂ ತಾಯಿಹಾಲು ಬಿಡದ ಕರುವಿನ ಜಠರ. ಹಿಂದೆ ಅದನ್ನು ಒಣಗಿಸಿ, ತುಂಡುಗಳನ್ನು ಉಪ್ಪುನೀರಿನಲ್ಲಿ ನೆನೆಹಾಕಿ ರಸ ತೆಗೆಯುತ್ತಿದ್ದರು. 1874ರಲ್ಲಿ ಕ್ರಿಶ್ಚಿಯನ್ ಹ್ಯಾನ್ಸನ್ ಎಂಬ ರಸಾಯನಶಾಸ್ತ್ರಜ್ಞನು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸ್ಥಾಪಿಸಿದ ಸಂಸ್ಥೆಯು ಇದನ್ನು ನಿಯತವಾದ ಶಕ್ತಿಯ ದ್ರವವಾಗಿ ತಯಾರಿಸಿ ಮಾರತೊಡಗಿತು. ಸಾಮಾನ್ಯ ಬಲದ ದ್ರವವಾದರೆ ಒಂದು ಭಾಗವು ಹತ್ತರಿಂದ ಹದಿನೈದು ಸಾವಿರ ಭಾಗ ಹಾಲನ್ನು ಗಟ್ಟಿಯಾಗಿಸಬಲ್ಲದು. ಈ ಅಲ್ಪಪ್ರಮಾಣವೇ ಮುಂದೆ ವಾದಕ್ಕೆ ಆಸ್ಪದವಾಯಿತು.

ಜೀವಹಾನಿಯಿಲ್ಲದ ಹೆಪ್ಪುಗಳು ಇಲ್ಲವೆಂದಲ್ಲ. ಪೋರ್ಚುಗಲ್ ದೇಶದಲ್ಲಿ ಸೆರ್ರಾ ದ ಎಸ್ತ್ರೆಲಾ ಎಂಬ ಪ್ರಸಿದ್ಧ ಚೀಸನ್ನು ಕುರಿಹಾಲಿಗೆ ಕಾರ್ಡೂನ್ ಎಂಬ ಮುಳ್ಳುಗಿಡದ ಹೂವಿನ ರಸವನ್ನು ಹಾಕಿ ಮಾಡುವ ಪದ್ಧತಿ ಪರಂಪರೆಯಿಂದ ಬಂದಿದೆ. ಚೀಸೆಂದರೆ ಕರುವಿನ ಜಠರವೇ ಬೇಕೆಂಬ ಮಾತು ಹೀಗೆ ಯೂರೋಪಿನಲ್ಲಿಯೇ ಬಿದ್ದುಹೋಗುತ್ತದೆ. ಎರಡನೆಯ ಮಹಾಯುದ್ಧದ ತರುವಾಯ ಚೀಸಿನ ಉತ್ಪಾದನೆ ಬೆಳೆದು, ಕರುವಿನ ಜಠರಗಳು ಸಾಲದೆ ಬಂದಾಗ, 1960-70ರ ದಶಕಗಳಲ್ಲಿ ರೈಜೋಮ್ಯೂಕರ್ ಮೀಹೀ ಎಂಬ ಬೂಷ್ಟಿನಿಂದ ತೆಗೆದ ಕಿಣ್ವವು ಬಳಕೆಗೆ ಬಂದಿತು. ಇದೇ ಸೂಕ್ಷ್ಮಜೀವಿಜನ್ಯ ರೆನೆಟ್. ಬಹುಕಾಲ ಮಾಗಿಸುವ ಚೀಸುಗಳಲ್ಲಿ ಇದು ಕಹಿಯನ್ನು ತರಬಹುದೆಂಬ ದೂರಿದೆ. ಬೇಗ ಬಳಸಿಬಿಡುವ ಮೊಜ್ಜರೆಲ್ಲಾದಂಥವಕ್ಕೆ ಆ ತೊಡಕಿಲ್ಲ. ದಯೆಯಿಂದ ಹುಟ್ಟಿದ ಮಾರ್ಗವಲ್ಲ ಇದು, ಕೊರತೆಯಿಂದ ಹುಟ್ಟಿದುದು. ಆದರೂ ಫಲ ಒಳ್ಳೆಯದೇ ಆಯಿತು.

ಮೂರನೆಯದೊಂದು ಬಗೆಯಿದೆ, ಚರ್ಚೆ ಬಂದಿರುವುದು ಇದರ ಬಗ್ಗೆ. ಕರುವಿನಲ್ಲಿ ಕೈಮೋಸಿನ್ ಹುಟ್ಟಿಸುವ ವಂಶವಾಹಿಯನ್ನು ಬೂಷ್ಟು, ಯೀಸ್ಟ್ ಅಥವಾ ಬ್ಯಾಕ್ಟೀರಿಯಾದಲ್ಲಿ ಸೇರಿಸಿ, ಅವುಗಳಿಂದಲೇ ಆ ಕಿಣ್ವವನ್ನು ಹುದುಗಿಸಿ ಪಡೆಯುತ್ತಾರೆ. 1990ರ ಮಾರ್ಚ್ ತಿಂಗಳಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇದಕ್ಕೆ ಸಮ್ಮತಿಯಿತ್ತಿತು. ವಂಶವಾಹಿ ತಂತ್ರದಿಂದ ಬಂದು ಆಹಾರದಲ್ಲಿ ಸೇರಲು ಆ ದೇಶದಲ್ಲಿ ಅನುಮತಿ ಪಡೆದ ಮೊದಲ ಪದಾರ್ಥವೇ ಇದು. ಇಂದು ಅಮೆರಿಕದ ಚೀಸಿನ ಬಹುಪಾಲು ಇದರಿಂದಲೇ ಸಿದ್ಧವಾಗುತ್ತದೆ. “ಮೂಲದಲ್ಲಿ ಅದು ಕರುವಿನದೇ ಅಲ್ಲವೆ?” ಎಂದು ಕೆಲವು ಸಾತ್ತ್ವಿಕರು ಕೇಳುತ್ತಾರೆ. ಪ್ರಶ್ನೆ ತಳ್ಳಿಹಾಕುವಂಥದಲ್ಲ. ಆದರೆ ಹಿಂದೊಮ್ಮೆ ಕರುವಿನಿಂದ ಪಡೆದುದು ಆ ಕಿಣ್ವವನ್ನು ಕಟ್ಟುವ ವಿಧಿಯನ್ನು ಮಾತ್ರ. ಆ ವಿಧಿಯನ್ನು ಕಲಿತ ಬೂಷ್ಟಿಗೆ ತಲೆಮಾರುಗಳು ಸಂದರೂ ಮತ್ತೊಂದು ಕರುವಿನ ಅಗತ್ಯವಿಲ್ಲ. ಚೀಸು ಹೆಚ್ಚು ಮಾರಾಟವಾದಷ್ಟೂ ಹೆಚ್ಚು ಕರುಗಳು ಸಾಯಬೇಕೆಂಬ ಸಂಬಂಧವು ಇಲ್ಲಿ ಕಡಿದುಹೋಗಿದೆ. ಅಹಿಂಸೆಯ ದೃಷ್ಟಿಯಿಂದ ಇದನ್ನು ಗ್ರಾಹ್ಯವೆಂದೇ ನಾವು ತಿಳಿಯುತ್ತೇವೆ. ವಂಶವಾಹಿಯ ಮಾರ್ಪಾಟು ಉಚಿತವೆ ಅನುಚಿತವೆ ಎಂಬುದು ಬೇರೆಯೇ ಆದ ವಿಚಾರ. ಅದನ್ನೂ ಸಸ್ಯಾಹಾರವನ್ನೂ ಒಂದೇ ಹಗ್ಗದಲ್ಲಿ ಕಟ್ಟಬಾರದು.

ಇನ್ನು ಬರಹದ ವಿಮರ್ಶೆಗೆ ಬರೋಣ. ಐರೋಪ್ಯ ಒಕ್ಕೂಟದಲ್ಲಿ ಆಹಾರದ ಪೊಟ್ಟಣಗಳ ಮೇಲೆ ಏನೇನು ಅಚ್ಚಾಗಬೇಕೆಂಬುದನ್ನು 2011ರ ನಿಯಮವು ವಿವರವಾಗಿ ಹೇಳುತ್ತದೆ. ಮಕ್ಕಳ ಬಿಸ್ಕತ್ತಿನಲ್ಲಿರುವ ಬಣ್ಣಕ್ಕೂ ಅಲ್ಲಿ ಲೆಕ್ಕವುಂಟು. ಆದರೆ ಅದೇ ನಿಯಮವು ಚೀಸಿಗೆ ಒಂದು ವಿನಾಯಿತಿಯನ್ನು ಕೊಟ್ಟಿದೆ: ಹಾಲಿನ ಪದಾರ್ಥ, ಕಿಣ್ವ, ಸೂಕ್ಷ್ಮಜೀವಿಗಳು ಮತ್ತು ಮಾಗಿಸಿದ ಚೀಸಾದರೆ ಉಪ್ಪು, ಇವಿಷ್ಟರ ಹೊರತು ಬೇರೇನೂ ಸೇರದಿದ್ದರೆ ಪದಾರ್ಥಗಳ ಪಟ್ಟಿಯನ್ನೇ ಕೊಡಬೇಕಾಗಿಲ್ಲ. ಬಣ್ಣವನ್ನು ಹೇಳಬೇಕು, ಕರುವಿನ ಜಠರದ ರಸವನ್ನು ಹೇಳಬೇಕಾಗಿಲ್ಲ! ಸಸ್ಯಾಹಾರಿಗಳಿಗೆ ಯುಕ್ತವೆಂಬ ಮಾತನ್ನು ಯಾವಾಗ ಬಳಸಬಹುದೆಂಬುದಕ್ಕೆ ನಿಯಮ ರೂಪಿಸಬೇಕೆಂದು ಆ ಶಾಸನವೇ ಆಯೋಗಕ್ಕೆ ಹೇಳಿತ್ತು. ಹತ್ತು ವರ್ಷಗಳು ಕಳೆದರೂ ಅದು ಆಗಲಿಲ್ಲ. ಅಮೆರಿಕದ ಕ್ರಮ ಇನ್ನೊಂದು ಬಗೆಯದು. ಅಲ್ಲಿ ಪಟ್ಟಿ ಇರುತ್ತದೆ, ಆದರೆ ಪ್ರಾಣಿ, ಸಸ್ಯ, ಸೂಕ್ಷ್ಮಜೀವಿ ಈ ಮೂರರಲ್ಲಿ ಯಾವುದರಿಂದ ಬಂದ ಕಿಣ್ವವನ್ನಾದರೂ ‘ಎನ್‌ಜೈಮ್ಸ್’ ಎಂಬ ಒಂದೇ ಪದದಿಂದ ಸೂಚಿಸಲು ಅನುಮತಿಯಿದೆ. ಹೂವಿಗೂ ಕರುವಿಗೂ ಒಂದೇ ಹೆಸರು. ಇದನ್ನು ಸುಳ್ಳೆಂದು ಹೇಳಲಾಗದು. ಸತ್ಯವನ್ನು ಹೇಳುತ್ತಲೇ ಮರೆಮಾಡುವ ಕಲೆಯೆಂದು ಹೇಳಬಹುದು.

ಈ ಶಾಸನಗಳ ಹಿಂದಿರುವ ತರ್ಕವನ್ನು ನಮ್ಮ ಶಾಸ್ತ್ರಪರಿಭಾಷೆಯಲ್ಲಿ ಹೇಳುವುದು ಸುಲಭ. ಗಡಿಗೆಗೆ ಮಣ್ಣು ಉಪಾದಾನಕಾರಣ. ಕುಂಬಾರನೂ ಅವನ ಕೋಲೂ ತಿಗರಿಯೂ ನಿಮಿತ್ತಕಾರಣಗಳು. ಚೀಸಿಗೆ ಹಾಲು ಉಪಾದಾನವೆಂದೂ, ರೆನೆಟ್ಟು ಕುಂಬಾರನ ಕೋಲಿನಂತೆ ನಿಮಿತ್ತಮಾತ್ರವೆಂದೂ ಶಾಸನಕರ್ತರು ಎಣಿಸಿದ್ದಾರೆ. ಪಟ್ಟಿ ಇರಬೇಕಾದುದು ಉಪಾದಾನಕ್ಕೆ, ನಿಮಿತ್ತವನ್ನು ಯಾರು ಕೇಳುತ್ತಾರೆ ಎಂಬುದು ಅವರ ಭಾವ. ಈ ದೃಷ್ಟಾಂತವು ಎರಡು ಕಡೆ ಸಡಿಲವಾಗಿದೆ. ಗಡಿಗೆಯೊಳಗೆ ಕೋಲು ಉಳಿಯುವುದಿಲ್ಲ. ಚೀಸಿನೊಳಗೆ ರೆನೆಟ್ಟಿನ ಸ್ವಲ್ಪ ಅಂಶವು ಉಳಿದು, ಮಾಗುವ ಕಾಲದಲ್ಲಿ ಪ್ರೋಟೀನನ್ನು ಒಡೆಯುತ್ತ ರುಚಿಯನ್ನು ಕಟ್ಟುತ್ತದೆ. ಅಲ್ಲದೆ, ಅಹಿಂಸೆಯ ವಿಚಾರವಾದಾಗ ಮುಖ್ಯವಾಗುವುದು ನಿಮಿತ್ತವೇ. ತಟ್ಟೆಯಲ್ಲಿ ಏನಿದೆ ಎಂಬುದಕ್ಕಿಂತಲೂ ಇದಕ್ಕಾಗಿ ಏನಾಯಿತು ಎಂಬುದನ್ನೇ ಸಸ್ಯಾಹಾರಿಯು ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರವಿಲ್ಲದ ಪಟ್ಟಿ ಎಷ್ಟು ಉದ್ದವಾಗಿದ್ದರೇನು?

ಲಿಂಗಾರ್ಪಿತವಾಗಬೇಕಾದ ಪದಾರ್ಥದ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ಪಾಕ ಮಾಡಿದವರು ಯಾರು, ಯಾವ ಕುಲದವರು ಎಂದು ಕೆದಕುವ ಹಳೆಯ ಚಾಳಿಗೆ ಇಲ್ಲಿ ಎಡೆಯಿಲ್ಲ. ಪದಾರ್ಥವು ಏನೆಂಬುದನ್ನು ತಿಳಿದು ಅರ್ಪಿಸಬೇಕೆಂಬುದಷ್ಟೇ ನಮ್ಮ ಮಾತು.

ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸಿನ ಬಗ್ಗೆ ನಮ್ಮವರಲ್ಲಿ ಕೋಪವುಂಟು. ಪಿಜ್ಜಾದ ಮೇಲೆ ತುರಿದು ಉದುರಿಸುವ ಗಟ್ಟಿ ಚೀಸು ಇದು. ಪಾರ್ಮಾ, ರೆಜ್ಜೊ ಎಮಿಲಿಯಾ, ಮೊದೆನಾ ಮೊದಲಾದ ನಿಯತ ಪ್ರದೇಶಗಳಲ್ಲಿ ಹಾಲು, ಉಪ್ಪು ಮತ್ತು ಕರುವಿನ ರೆನೆಟ್ಟಿನಿಂದ ಮಾತ್ರ ಮಾಡಿ, ಕನಿಷ್ಠ 12 ತಿಂಗಳು ಮಾಗಿಸಬೇಕೆಂದು ಅದರ ವಿಧಿ. ಬೇರೆ ಹೆಪ್ಪು ಹಾಕಿದರೆ ಆ ಹೆಸರೇ ಸಲ್ಲದು. ಗ್ರಾನಾ ಪದಾನೊ, ಗೊರ್ಗೊಂಜೋಲಾಗಳದೂ ಇದೇ ಗತಿ. ಪೆಕೊರಿನೊ ರೊಮಾನೊಗೆ ಕುರಿಮರಿಯ ಜಠರದ್ದು. ನೇಪಲ್ಸಿನ ಸುತ್ತಿನ ಎಮ್ಮೆಹಾಲಿನ ಮೊಜ್ಜರೆಲ್ಲಾಕ್ಕೂ ಕರುವಿನ ರೆನೆಟ್ಟೇ ವಿಹಿತ. ಇವರ ಮೇಲೆ ಕೋಪಿಸಿಕೊಳ್ಳುವುದು ನಮಗೆ ನ್ಯಾಯವೆನಿಸುವುದಿಲ್ಲ. ಇವರು ತಮ್ಮ ಕ್ರಮವನ್ನು ಶಾಸನದಲ್ಲಿ ಬರೆದಿಟ್ಟಿದ್ದಾರೆ. ಹೆಸರನ್ನು ಕಂಡೊಡನೆ ಸಸ್ಯಾಹಾರಿಯು ಕೈಬಿಡಬಹುದು. ಅಸ್ಪಷ್ಟತೆಗಿಂತ ಇಂಥ ಕಠಿಣ ಸ್ಪಷ್ಟತೆ ಮೇಲು. ತೊಡಕಿರುವುದು ಹೆಸರಿನ ಅನುಕರಣದಲ್ಲಿ. ಐರೋಪ್ಯ ನ್ಯಾಯಾಲಯವು 2008ರಲ್ಲಿ ‘ಪಾರ್ಮೆಸಾನ್’ ಎಂಬುದು ಪಾರ್ಮಿಜಾನೊ ರೆಜ್ಜಾನೊವನ್ನೇ ನೆನಪಿಗೆ ತರುವ ಹೆಸರೆಂದು ತೀರ್ಪಿತ್ತಿತು. ಹೀಗಾಗಿ ಒಕ್ಕೂಟದ ದೇಶಗಳಲ್ಲಿ ಪಾರ್ಮೆಸಾನ್ ಎಂದರೆ ಕರುವಿನ ರೆನೆಟ್ ಇರುವುದೆಂದೇ ತಿಳಿಯಬೇಕು. ಅಮೆರಿಕದಲ್ಲಿ ಅದೇ ಹೆಸರಿನಲ್ಲಿ ಯಾವ ಹೆಪ್ಪಿನ ಚೀಸನ್ನಾದರೂ ಮಾರಬಹುದು. ಒಂದೇ ಪದಕ್ಕೆ ಸಮುದ್ರದ ಈಚೆ ಒಂದರ್ಥ, ಆಚೆ ಇನ್ನೊಂದು. ಇಂಗ್ಲೆಂಡಿನ ಅಂಗಡಿಗಳಲ್ಲಿ ‘ಇಟಾಲಿಯನ್ ಬಗೆಯ ಗಟ್ಟಿ ಚೀಸು’ ಎಂಬ ಸುತ್ತುಬಳಸಿನ ಹೆಸರನ್ನು ಕಂಡರೆ ಗಾಬರಿಯಾಗಬೇಕಿಲ್ಲ. ಸಸ್ಯಾಹಾರಿ ಹೆಪ್ಪಿನದು ಹೆಚ್ಚಾಗಿ ಆ ಹೆಸರಿನಲ್ಲಿಯೇ ಬರುತ್ತದೆ. ಜೆಕ್ ದೇಶದಲ್ಲಿ ತಯಾರಾಗುವ ಗ್ರಾನ್ ಮೊರಾವಿಯಾ ಎಂಬುದು ಸೂಕ್ಷ್ಮಜೀವಿಜನ್ಯ ರೆನೆಟ್ಟಿನ ಅಂಥ ಒಂದು ಗಟ್ಟಿ ಚೀಸು.

ರೆನೆಟ್ಟೊಂದನ್ನೇ ಕೇಳಿ ಸುಮ್ಮನಾಗುವವರಿಗೆ ಮತ್ತೆರಡು ಸಂಗತಿಗಳನ್ನು ಹೇಳಬೇಕು. ಪ್ರೊವೊಲೋನೆ, ರೊಮಾನೊ, ಫೆಟಾ ಮುಂತಾದ ಖಾರರುಚಿಯ ಚೀಸುಗಳಿಗೆ ಲೈಪೇಸ್ ಎಂಬ ಬೇರೊಂದು ಕಿಣ್ವವನ್ನು ಸೇರಿಸುವುದುಂಟು. ಅದು ಕರು, ಆಡಿನಮರಿ, ಕುರಿಮರಿಗಳಿಂದ ಬಂದುದಾಗಿರಬಹುದು. ಅಮೆರಿಕದಲ್ಲಿ ಅದೂ ‘ಎನ್‌ಜೈಮ್ಸ್’ ಎಂಬ ಪದದೊಳಗೆ ಅಡಗಿಕೊಳ್ಳುತ್ತದೆ. ಗ್ರಾನಾ ಪದಾನೊದಲ್ಲಿ ಲೈಸೋಜೈಮ್ ಎಂಬ ಕೋಳಿಮೊಟ್ಟೆಯ ಅಂಶವನ್ನು ಬಳಸುವ ರೂಢಿಯಿದೆ. ಮೊಟ್ಟೆಯ ಮಾತು ಬಂದುದರಿಂದ ಇದನ್ನೂ ಹೇಳಿಬಿಡುವುದು ಯುಕ್ತ: ಪಾಶ್ಚಾತ್ಯರ ಸಸ್ಯಾಹಾರದಲ್ಲಿ ಮೊಟ್ಟೆಗೆ ಸ್ಥಾನವಿದೆ. 1847ರಲ್ಲಿ ಸ್ಥಾಪಿತವಾದ ಇಂಗ್ಲೆಂಡಿನ ವೆಜಿಟೇರಿಯನ್ ಸೊಸೈಟಿಯ ಮುದ್ರೆಯೂ ಮೊಟ್ಟೆಯನ್ನು ಹೊರಗಿಡುವುದಿಲ್ಲ. ಯಹೂದ್ಯರ ಕೋಷರ್ ಮುದ್ರೆಯನ್ನು ಕಂಡು ಸಸ್ಯಾಹಾರವೆಂದು ನಂಬುವವರಿದ್ದಾರೆ. ಅವರ ಶಾಸ್ತ್ರವಿಧಿಯಂತೆ ಕೊಯ್ದ ಕರುವಿನ ರೆನೆಟ್ಟು ಅವರಿಗೆ ನಿಷಿದ್ಧವಲ್ಲ. ಅವರವರ ಮುದ್ರೆ ಅವರವರ ಪ್ರಶ್ನೆಗೆ ಉತ್ತರ, ನಮ್ಮ ಪ್ರಶ್ನೆಗಲ್ಲ.

ಭಾರತದ ಶಾಸನವನ್ನು ಇಲ್ಲಿ ಮೆಚ್ಚಬೇಕು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಗಳಲ್ಲಿ ಚೀಸಿನ ಲಕ್ಷಣವನ್ನು ಹೇಳುವಾಗಲೇ ‘ಪ್ರಾಣಿಜನ್ಯವಲ್ಲದ ರೆನೆಟ್’ ಎಂದು ಹೇಳಲಾಗಿದೆ. ಹಸಿರು ಚುಕ್ಕೆಯು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಬಳಕೆಯಲ್ಲಿದೆ. ಮಾಂಸಾಹಾರದ ಕಂದು ಚುಕ್ಕೆಯನ್ನು 2020ರ ನಿಯಮಗಳು ತ್ರಿಕೋನವಾಗಿ ಮಾರ್ಪಡಿಸಿದುದರಿಂದ ಬಣ್ಣ ಗುರುತಿಸಲಾರದವರಿಗೂ ಅನುಕೂಲವಾಯಿತು. ಗುಜರಾತಿನ ಅಮುಲ್ ಸಂಸ್ಥೆಯವರು ತಮ್ಮ ಚೀಸು ಸೂಕ್ಷ್ಮಜೀವಿಜನ್ಯ ರೆನೆಟ್ಟಿನಿಂದ ಆದುದೆಂದು ಬಾಯಿಬಿಟ್ಟು ಹೇಳುತ್ತಾರೆ. ಆದ್ದರಿಂದ ಹಸಿರು ಚುಕ್ಕೆಯಿರುವ ಚೀಸನ್ನು ತಂದು ಮನೆಯಲ್ಲಿ ಪಿಜ್ಜಾ ಮಾಡಿಕೊಳ್ಳುವ ಗೃಹಿಣಿಗೆ ರೆನೆಟ್ಟಿನ ಶಂಕೆ ಬೇಡ. ಪರದೇಶಗಳಿಂದ ಬಂಧುಗಳು ಪೆಟ್ಟಿಗೆಯಲ್ಲಿಟ್ಟು ತಂದುಕೊಡುವ ಚೀಸಿಗೆ ಮಾತ್ರ ಈ ಅಭಯ ಅನ್ವಯಿಸುವುದಿಲ್ಲ.

ಆದರೆ ನಮ್ಮ ಹಸಿರು ಚುಕ್ಕೆಯನ್ನೂ ವಿಮರ್ಶೆಯಿಂದ ಹೊರಗಿಡುವಂತಿಲ್ಲ. ಪ್ರಾಣಿಜನ್ಯವಾದುದೆಲ್ಲ ಮಾಂಸಾಹಾರವೆಂದು ಲಕ್ಷಣ ಹೇಳಿ, ಹಾಲು, ಹಾಲಿನ ಪದಾರ್ಥ, ಜೇನು, ಜೇನುಮೇಣ, ಅರಗು ಇವನ್ನು ಬಿಟ್ಟು ಎಂದು ನಮ್ಮ ನಿಯಮವು ಅಪವಾದ ಹೇಳುತ್ತದೆ. ಇದನ್ನೇ ಹಿಡಿದುಕೊಂಡು ಪಾಶ್ಚಾತ್ಯ ತರುಣರು, ಈಚೆಗೆ ನಮ್ಮ ಮಕ್ಕಳೂ, ಒಂದು ಮಾತನ್ನು ಕೇಳುತ್ತಾರೆ: “ಹಾಲಿಗಾಗಿ ಸಾಕಿದ ಹಸು ಎಮ್ಮೆಗಳ ಗಂಡುಗರುಗಳ ಗತಿಯೇನು? ಅವು ಕಸಾಯಿಖಾನೆಗೆ ಹೋಗುವುದರಿಂದಲೇ ಅಲ್ಲವೆ ಜಠರ ಸಿಗುವುದು? ಹಾಲು ಕುಡಿದು ರೆನೆಟ್ಟನ್ನು ಬಿಟ್ಟೆನೆಂಬುದು ಆತ್ಮವಂಚನೆಯಲ್ಲವೆ?” ಈ ಪ್ರಶ್ನೆಯನ್ನು ಉದ್ಧಟತನವೆಂದು ಗದರಿಸಿ ಮುಗಿಸುವವರನ್ನು ಕಂಡಿದ್ದೇವೆ. ಅದು ಸಲ್ಲದು, ಪ್ರಶ್ನೆಯಲ್ಲಿ ಸತ್ಯವಿದೆ. ಟ್ರ್ಯಾಕ್ಟರು ಬಂದ ಮೇಲೆ ನಮ್ಮ ಹಳ್ಳಿಗಳಲ್ಲಿ ಹೋರಿಗರು ಯಾರಿಗೂ ಬೇಡವಾಗಿರುವುದನ್ನೂ, ಎಮ್ಮೆಯ ಗಂಡುಗರುವಿಗೆ ಹಾಲು ಬಿಡದೆ ಒಣಗಿಸುವುದನ್ನೂ ಬಲ್ಲವರಾರೂ ಇದನ್ನು ಅಲ್ಲಗಳೆಯಲಾರರು.

ಆದರೂ ಎರಡರ ನಡುವೆ ಒಂದು ಭೇದವಿದೆ. ಕರುವನ್ನು ಕೊಲ್ಲದೆ ಹಾಲು ಬರಲು ಸಾಧ್ಯವಿದೆ. ಕರುವಿಗೆ ಉಣಿಸಿ, ಉಳಿದುದನ್ನು ಕರೆದುಕೊಳ್ಳುವ ಮನೆಗಳು ಇಂದಿಗೂ ಇವೆ. ಕರುವನ್ನು ಕೊಲ್ಲದೆ ಜಠರದ ರೆನೆಟ್ಟು ಬರಲು ಸಾಧ್ಯವೇ ಇಲ್ಲ. ಮೊದಲನೆಯದರಲ್ಲಿ ಹಿಂಸೆಯು ಆಗಂತುಕ, ತಿದ್ದಿಕೊಳ್ಳಬಹುದು, ಎರಡನೆಯದರಲ್ಲಿ ನಿಯತ. ನಿಯತವಾದುದನ್ನು ಬಿಟ್ಟವನು ಆಗಂತುಕವಾದುದನ್ನು ತಿದ್ದುವ ಹೊಣೆಯಿಂದ ಪಾರಾಗುವುದಿಲ್ಲ, ನಿಜ. ಹಾಗೆಂದು ದೊಡ್ಡ ಹೊಣೆಯನ್ನು ತೋರಿಸಿ ಸಣ್ಣದನ್ನೂ ಬಿಡಿಸುವುದು ಯಾವ ನ್ಯಾಯ? ಆ ತರುಣರು ಹಾಲನ್ನೂ ಬಿಡುವುದಾದರೆ ಅವರ ನಿಷ್ಠೆಗೆ ನಾವು ತಲೆಬಾಗುತ್ತೇವೆ. ಬರಿಯ ಬಾಯಿ ಮುಚ್ಚಿಸಲೆಂದು ಆ ಮಾತಾಡುವವರ ಬಗ್ಗೆ ಹೇಳುವುದೇನೂ ಇಲ್ಲ.

“ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಇಷ್ಟೇಕೆ?” ಎಂಬ ಇನ್ನೊಂದು ವಾದವನ್ನು ವಿದ್ಯಾವಂತರೇ ಹೂಡುತ್ತಾರೆ. ಪ್ರಮಾಣವು ಅಲ್ಪವಾದುದು ಒಂದು ಜಠರದಿಂದ ಬಹಳ ಚೀಸು ಆಗುವುದೆಂಬುದನ್ನು ತಿಳಿಸುತ್ತದೆ. ಜಠರ ಬೇಡವೆಂಬುದನ್ನು ತಿಳಿಸುವುದಿಲ್ಲ. ಬದಲಿ ಹೆಪ್ಪು ಸುಲಭವಾಗಿ ಸಿಗುವಾಗ ಅಲ್ಪವೆಂಬ ಮಾತು ಬಿಡದಿರುವುದಕ್ಕೆ ನೆಪವಾದೀತೇ ಹೊರತು ಕಾರಣವಾಗದು. ಇನ್ನು “ಪಿಜ್ಜಾ ಪರದೇಶದ್ದು, ಅದನ್ನೇ ಬಿಟ್ಟುಬಿಡಿ” ಎನ್ನುವ ಹಿರಿಯರಿದ್ದಾರೆ. ಅವರ ಮನೆಯ ಸಾರಿಗೆ ಬೀಳುವ ಮೆಣಸಿನಕಾಯಿಯೂ ಟೊಮೇಟೊವೂ ಪಲ್ಯದ ಆಲೂಗಡ್ಡೆಯೂ ಹಡಗು ಹತ್ತಿ ಬಂದವೇ!

ಪರದೇಶದಲ್ಲಿರುವ ಭಕ್ತರು ಅಂಗಡಿಯಲ್ಲಿ ‘ಇದು ವೆಜಿಟೇರಿಯನ್ನೆ?’ ಎಂದು ಕೇಳುವುದರಿಂದ ಪ್ರಯೋಜನ ಕಡಿಮೆ. ಹೌದೆಂಬ ಉತ್ತರವು ಮೇಲೆ ಮಾಂಸವಿಲ್ಲವೆಂಬುದನ್ನಷ್ಟೇ ಹೇಳುತ್ತದೆ. ಮೊಜ್ಜರೆಲ್ಲಾದ ಹೆಪ್ಪು ಯಾವುದು, ಅದರೊಡನೆ ಪಾರ್ಮೆಸಾನ್ ಅಥವಾ ರೊಮಾನೊ ಬೆರೆಸಿದ್ದೀರಾ, ಟೊಮೇಟೊ ಗೊಜ್ಜಿನಲ್ಲಿ ಚೀಸು ಸೇರಿದೆಯೆ ಎಂದು ಬಿಡಿಬಿಡಿಯಾಗಿ ಕೇಳಬೇಕು. ಪೆಸ್ತೊ ಎಂಬ ಹಸಿರು ಚಟ್ನಿಯಲ್ಲಿ ಸಾಂಪ್ರದಾಯಿಕವಾಗಿ ಪಾರ್ಮಿಜಾನೊ ಇದ್ದೇ ಇರುತ್ತದೆ. ರಿಕೊತ್ತಾವನ್ನು ಶಾಖದಿಂದ ಗಟ್ಟಿಯಾಗಿಸುತ್ತಾರೆಂದು ನಂಬುವವರೂ, ಅದಕ್ಕೆ ಬಳಸುವ ಹಾಲೊಡಕಿನ ನೀರು ರೆನೆಟ್ ಹಾಕಿದ ಬೇರೆ ಚೀಸಿನಿಂದ ಬಂದಿರುತ್ತದೆಂಬುದನ್ನು ಮರೆಯಬಾರದು. ಅಂಗಡಿಯ ಹುಡುಗನಿಗೆ ಉತ್ತರ ತಿಳಿಯದಿದ್ದರೆ ಅವನನ್ನು ಬಯ್ಯಬೇಡಿ. ಚೀಸಿನ ಪೊಟ್ಟಣವನ್ನೇ ತೋರಿಸಲು ವಿನಯದಿಂದ ಕೇಳಿ, ತಯಾರಕರಿಗೆ ಪತ್ರ ಬರೆಯಿರಿ. ಇಂಗ್ಲೆಂಡಿನ ಅಂಗಡಿಗಳಲ್ಲಿ ಚೀಸಿನ ಮೇಲೆ ‘ಸಸ್ಯಾಹಾರಿಗಳಿಗೆ ಯುಕ್ತ’ ಎಂಬ ಬರಹವು ಇಂದು ಧಾರಾಳವಾಗಿ ಕಾಣಿಸುವುದು ಕೇಳುವ ಗಿರಾಕಿಗಳಿದ್ದುದರಿಂದಲೇ.

ಉತ್ತರವೇ ಸಿಗದ ಊರಿನಲ್ಲಿ ಹಸಿದಿರುವವರಿಗೆ ನೇಪಲ್ಸಿನವರೇ ಒಂದು ದಾರಿ ಮಾಡಿಟ್ಟಿದ್ದಾರೆ. 2010ರಲ್ಲಿ ಐರೋಪ್ಯ ಒಕ್ಕೂಟದಲ್ಲಿ ದಾಖಲಾದ ನೇಪಲ್ಸ್ ಪಿಜ್ಜಾದ ವಿಧಿಯು ಎರಡು ಬಗೆಗಳನ್ನು ಹೇಳುತ್ತದೆ. ಮಾರ್ಗರೀಟಾದಲ್ಲಿ ಮೊಜ್ಜರೆಲ್ಲಾ ಇದೆ. ಮರಿನಾರಾ ಎಂಬುದರ ಹೆಸರು ಸಮುದ್ರದ ವಾಸನೆ ಹೊಡೆದರೂ ಅದರಲ್ಲಿ ಮೀನಿಲ್ಲ. ಟೊಮೇಟೊ, ಬೆಳ್ಳುಳ್ಳಿ, ಒರಿಗಾನೊ ಸೊಪ್ಪು, ಆಲಿವ್ ಎಣ್ಣೆ ಇಷ್ಟೇ. ಹಿಟ್ಟು, ನೀರು, ಉಪ್ಪು, ಯೀಸ್ಟ್‌ಗಳ ರೊಟ್ಟಿಯ ಮೇಲೆ ಅದನ್ನು ಹಚ್ಚಿ ಸುಡುತ್ತಾರೆ. ಚೀಸು ಅದರಲ್ಲಿ ಇಲ್ಲವೇ ಇಲ್ಲ. ಹಿಟ್ಟಿಗೆ ಹಂದಿಯ ಕೊಬ್ಬು ಬೆರೆಸುವ ರೂಢಿ ಇಟಲಿಯ ಕೆಲವೆಡೆ ಇರುವುದರಿಂದ, ಆ ಒಂ‌ದನ್ನು ಮಾತ್ರ ವಿಚಾರಿಸಿಕೊಳ್ಳಬೇಕು.